ಮೇಲಿನಹಟ್ಟಿಯ ಹುಳಿಮಣ್ಣು

ಯುದ್ಧ ನಡೆಯುತ್ತಿದ್ದ ಕಾಲ. ಪ್ಯಾರಾಚೂಟಿಗೆ ಬೇಕೆಂದು ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ ಬಂದು, ದೇವನಹಳ್ಳಿ ಬಳಿಯ ನಮ್ಮ ವಿಜಯಪುರದಲ್ಲಿ ಹಿಪ್ಪುನೇರಳೆ ತೋಟವಿದ್ದವರೆಲ್ಲ ಮೀಸೆ ತಿರುವಿಕೊಂಡು ಓಡಾಡುತ್ತಿದ್ದರು. ನಮ್ಮ ಅಪ್ಪನೂ ಅವರಲ್ಲೊಬ್ಬರು. ಶಿವರಾತ್ರಿ ಕಳೆದ ವಾರ, ತಂಗಿ ಗೌರಿಗೆ ಬಂದಿದ್ದ ಸಂಬಂಧವೊಂದರ ಮನೆ ನೋಡಿ ಬರಲು ಅಪ್ಪನೂ ನಾನೂ ಮಾಕಳಿದುರ್ಗದಾಚೆಯ ಮೇಲಿನಹಟ್ಟಿಗೆ ಹೊರಟೆವು.

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿ ವಾಡಿಕೆ. ಒಪ್ಪಿಗೆಯಾದರೆ ಆ ಮನೆಯ ಬೆಲ್ಲದ ನೀರು ಕುಡಿಯಬೇಕು. ಒಪ್ಪುವ ತನಕ ಅಲ್ಲಿ ಹನಿ ನೀರನ್ನೂ ಮುಟ್ಟುವ ಹಾಗಿಲ್ಲ. ಬೇರೆಯವರು ಮನೆ, ದನಕರು, ಹುಡುಗನ ಮೈಕಟ್ಟು ನೋಡುತ್ತಾರೆ. ಅಪ್ಪ ನೋಡುತ್ತಿದ್ದುದು ಮಣ್ಣನ್ನು. ಬೀಗರಾಗುವವರ ಹೊಲದಲ್ಲಿ ಗುಂಡಿ ತೋಡಿಸಿ, ಚಿಟಿಕೆ ಮಣ್ಣನ್ನು ನಾಲಿಗೆಗಿಟ್ಟು, ಗುಂಡಿಗೆ ನೀರು ಹೊಯ್ಯಿಸಿ, ಅದು ಎಷ್ಟು ಹೊತ್ತು ನಿಲ್ಲುತ್ತದೆಂದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಹೀಗೆ ಆಗಲೇ ಮೂರು ಮನೆಗಳನ್ನು ಬೇಡವೆಂದಿದ್ದರು. ಒಂದು ಕಡೆ ಚೌಳು, ಇನ್ನೊಂದು ಕಡೆ ನೀರು ಕಟ್ಟುವ ಜೇಡಿ, ಮತ್ತೊಂದು ಕಡೆ ಬರೀ ಮರಳು. ‘ಗೌಡರು ಮಗಳಿಗೆ ಗಂಡು ಹುಡುಕ್ತಿಲ್ಲ, ಹಿಪ್ಪುನೇರಳೆ ಕಡ್ಡಿಗೆ ಹೊಲ ಹುಡುಕ್ತಾವ್ರೆ’ ಎಂದು ಊರಲ್ಲಿ ಆಡಿಕೊಳ್ಳುವುದು ಗೌರಿಯ ಕಿವಿಗೂ ಬಿದ್ದಿತ್ತು.

ಹೊರಡುವ ಬೆಳಿಗ್ಗೆ ಅವಳು ನನ್ನನ್ನು ಕೊಟ್ಟಿಗೆಯ ಮರೆಗೆ ಕರೆದಳು. “ಅಣ್ಣ, ಇದೂ ತಪ್ಪೋದ್ರೆ ನಾನು ಬೀದೀಲಿ ತಲೆ ಎತ್ಕೊಂಡು ಓಡಾಡೋಕಾಗಲ್ಲ. ಅಪ್ಪನ ಕೈಗೆ ಗುದ್ದಲಿ ಸಿಗದಂಗೆ ನೋಡ್ಕೊ” ಅಂದಳು. ನಾನು ದೊಡ್ಡ ಮನುಷ್ಯನ ಹಾಗೆ ಆಗಲಿ ಎಂದೆ.

ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ದೇವನಹಳ್ಳಿ ದಾಟಿದ ಮೇಲೆ ಸಿಕ್ಕ ಪ್ರತಿ ಏರಿನಲ್ಲೂ ನಾವೆಲ್ಲ ಇಳಿದು ತಳ್ಳಿದೆವು. ದೊಡ್ಡಬಳ್ಳಾಪುರ ಸೇರುವಷ್ಟರಲ್ಲಿ ಅಪ್ಪನ ಬಿಳಿ ರುಮಾಲು ಒಲೆಯ ಮೇಲಿನ ಮಸಿಬಟ್ಟೆಯಂತಾಗಿತ್ತು. ಸ್ಟೇಷನ್ನಿನ ಹತ್ತಿರ ಇಡ್ಲಿ ತಿಂದು, ತಲೆಗೆ ಎರಡಾಣೆ ಕೊಟ್ಟು ಟಿಕೆಟ್ಟು ತೆಗೆದುಕೊಂಡು ರೈಲು ಹತ್ತಿದೆವು.

ನಮ್ಮೆದುರು ಸೀರೆಗಂಟು ಹೊತ್ತ ನೇಕಾರರೊಬ್ಬರು ಕೂತಿದ್ದರು. ಎಲ್ಲಿಗೆ ಪ್ರಯಾಣ ಎಂದು ಅವರು ಕೇಳಿದ್ದೇ ತಡ, ಅಪ್ಪ ನಮ್ಮ ತೋಟಕ್ಕೆ ಹೊಡೆಸಿದ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಅದರಲ್ಲಿ ಬೆಳೆಯುವ ಅಂಗೈಯಗಲದ ಸೊಪ್ಪು, ಮೂರು ಕಡೆ ಗಂಡುಗಳನ್ನು ಬೇಡವೆಂದ ಕಥೆ, ಎಲ್ಲವನ್ನೂ ಇಡೀ ಡಬ್ಬಿಗೆ ಕೇಳುವ ಹಾಗೆ ಹೇಳಿದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

“ಮೇಲಿನಹಟ್ಟೀಗಾ? ಅಲ್ಲಿ ಮಳೆ ನಿಂತ ಮರುಗಳಿಗೇಲಿ ನಡೆದ್ರೂ ಕಾಲಿಗೆ ಮಣ್ಣು ಅಂಟಲ್ಲ ಸ್ವಾಮಿ” ಅಂದರು ನೇಕಾರರು.

ಅಪ್ಪನ ಕಣ್ಣುಗಳು ಅರಳಿದವು. ಅಂಥ ಮಣ್ಣನ್ನು ಅಗೆಸಿ ನೋಡದೆ ಅವರು ಬಿಡುವವರಲ್ಲ ಅನ್ನಿಸಿ, ಗೌರಿಗೆ ಕೊಟ್ಟ ಮಾತು ನೆನಪಾಯಿತು.

ಮಾಕಳಿದುರ್ಗದಲ್ಲಿ ಇಳಿದು ದುರ್ಗವನ್ನು ಬೆನ್ನಿಗೆ ಬಿಟ್ಟು ನಡೆದೆವು. ಮೊದಲು ದಾರಿಯ ಎರಡೂ ಕಡೆ ದುಂಡು ಬಂಡೆಗಳು. ಏರು ಹತ್ತಿದಂತೆ ಬಂಡೆ ಮುಗಿದು ನೆಲದ ಬಣ್ಣವೇ ಬದಲಾಯಿತು. ಕಾಲ ಕೆಳಗೆ ಚಪ್ಪಟೆ ಕಲ್ಲಿನ ಚೂರುಗಳು ಹಪ್ಪಳದಂತೆ ಮುರಿಯುತ್ತಿದ್ದವು. ಅಪ್ಪ ಒಂದನ್ನು ಎತ್ತಿ ಉಗುರಿನಿಂದ ಮೀಟಿದರೆ ಪದರ ಪದರವಾಗಿ ಬಿಟ್ಟುಕೊಂಡಿತು. ಆ ಕಲ್ಲೇ ಸವೆದು ಅಲ್ಲಿನ ಮಣ್ಣಾಗಿದೆ. ಕೆಂಪಿಗಿಂತ ಹಳದಿ ಹೆಚ್ಚು. ಹಿಡಿಯಲ್ಲಿ ಹಿಸುಕಿದರೆ ಉಂಡೆ ಕಟ್ಟದೆ ಉದುರಿಹೋಗುತ್ತದೆ.

ಹಟ್ಟಿ ಗುಡ್ಡದ ನೆತ್ತಿಯಲ್ಲಿತ್ತು. ಮನೆಯ ಯಜಮಾನ ಬೈರಪ್ಪನವರು ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಅವರ ಮಗ ಚನ್ನಪ್ಪ, ಮದುವೆಯ ಹುಡುಗ, ನಮಸ್ಕಾರ ಮಾಡಿ ಕಂಬಕ್ಕೊರಗಿ ನಿಂತ. ನೋಡಲು ಲಕ್ಷಣವಾಗಿದ್ದ. ಮನೆಯಾಕೆ ತಿಮ್ಮಕ್ಕನವರು ಕಾಲಿಗೆ ನೀರು ತಂದರೆ ಅಪ್ಪ ಕೈಯಾಡಿಸಿ ಬೇಡವೆಂದರು. “ಮೊದ್ಲು ಹೊಲ ನೋಡೋಣ. ಒಂದು ಗುದ್ದಲಿ ಕೊಡಿ.”

“ಅಪ್ಪ, ಬಿಸಿಲಿದೆ...” ಎಂದೆ.

“ಅದಕ್ಕೇ ನೀನು ಅಗಿ, ನಾನು ನೆರಳಲ್ಲಿ ಕೂತ್ಕೊತೀನಿ” ಅಂದರು. ಚನ್ನಪ್ಪ ನಗದೆ ಗುದ್ದಲಿ ತಂದುಕೊಟ್ಟ. ಅಪ್ಪನ ಕೈಗೆ ಅದು ಸಿಗಲಿಲ್ಲ ನಿಜ, ನನ್ನ ಕೈಗೇ ಬಂತು. ಮನೆಯ ಹಿಂದಿನ ಹೊಲದಲ್ಲಿ ಗಂಡಿನ ಕಣ್ಣೆದುರಿಗೇ ಅವನ ನೆಲ ಅಗೆದೆ. ಮೊಳದಷ್ಟು ಅಗೆಯುವಷ್ಟರಲ್ಲಿ ಗುದ್ದಲಿ ಕಿರ್ರೆಂದಿತು. ಕೆಳಗೆ ಒಬ್ಬಟ್ಟು ಪೇರಿಸಿಟ್ಟ ಹಾಗೆ ಮೆತುಗಲ್ಲಿನ ಪದರ.

ಅಪ್ಪ ಚಿಟಿಕೆ ಮಣ್ಣನ್ನು ನಾಲಿಗೆಗಿಟ್ಟು ಮುಖ ಸಿಂಡರಿಸಿದರು. “ಹುಳಿ! ಅಪ್ಪಟ ಹುಳಿ! ಇಲ್ಲಿ ಏನು ಬೆಳೀತೀರಿ?”

“ಹುರುಳಿ, ಸಾಮೆ, ಹುಚ್ಚೆಳ್ಳು. ಮಳೆ ಚೆನ್ನಾಗಾದ್ರೆ ರಾಗಿ. ಜಡಿಮಳೆ ಹಿಡಿದ್ರೆ ಕೆಳಗಿನೋರ ಪೈರು ಕೊಳೀತದೆ, ನಮ್ದು ಕೊಳೆಯಲ್ಲ” ಅಂದರು ಬೈರಪ್ಪನವರು.

ಮಳೆನೀರು ಸರಸರನೆ ಇಳಿಯುವ ನೆಲದಲ್ಲಿ ಸುಣ್ಣದ ಸಾರವೂ ಅದರ ಜೊತೆಗೇ ಇಳಿದುಹೋಗಿ ಮಣ್ಣು ಹುಳಿಯಾಗುತ್ತದೆ ಎಂದು ರೇಷ್ಮೆ ಇಲಾಖೆಯವರು ಹೇಳಿದ್ದನ್ನು ಅಪ್ಪ ತಮ್ಮದೇ ಶೋಧವೆಂಬಂತೆ ಅವರಿಗೆ ವಿವರಿಸಿದರು. ಅದು ಮುಗಿದ ಮೇಲೆ ನೀರು ಕೇಳಿದರು. ತಿಮ್ಮಕ್ಕನವರು ಕೊಡ ಹೊತ್ತು ತಂದು ಗುಂಡಿಗೆ ಹೊಯ್ದರು. ಚುಸ್ಸೆಂದು ಒಂದು ಸದ್ದು, ಅಷ್ಟೆ. ಗುಂಡಿಯ ತಳ ಒದ್ದೆಯಾಗಿತ್ತು, ನೀರು ಕಾಣಲಿಲ್ಲ.

“ಇನ್ನೊಂದು ತನ್ನಿ” ಅಂದರು ಅಪ್ಪ.

ಇನ್ನೊಂದು ಬಂತು. ಅದೂ ಹೋಯಿತು. ತಿಮ್ಮಕ್ಕನವರು ಗಂಡನ ಮುಖ ನೋಡಿದರು, ಅವರು ನೆಲ ನೋಡಿದರು. ಹೆಣ್ಣಿನ ಕಡೆಯವರು ಕೇಳಿದ್ದಕ್ಕೆ ಇಲ್ಲ ಅನ್ನುವುದು ಹೇಗೆ? ಮೂರನೆಯದು ಸಣ್ಣ ಕೊಡ. ಆಕೆ ಅದನ್ನು ತಲೆಕೆಳಗು ಮಾಡಿ ಕೊನೆಯ ಹನಿಯವರೆಗೂ ಹೊಯ್ದರು. ಆಗ ನನಗೆ ಗೊತ್ತಾಯಿತು, ಆ ಮನೆಯಲ್ಲಿ ಇನ್ನು ನೀರಿಲ್ಲವೆಂದು. ನಾನು ಬಾಯಿ ಬಿಡಲಿಲ್ಲ. ಅಪ್ಪನ ಮುಂದೆ ಮಾತಾಡಿ ಅಭ್ಯಾಸವಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಆದರೂ ನಾಚಿಕೆಯಿಂದ ಹಿಡಿಯಷ್ಟಾದೆ.

“ಎಲ್ಲಿಗ್ರೀ ಹೋಯ್ತು ಇಷ್ಟು ನೀರು!” ಎಂದು ಅಪ್ಪ ಬೆರಗಾದರು.

“ಕೆಳಗೆ ಬಾವೀಗೆ ಹೋಯ್ತು. ನಾನೇ ಹೋಗಿ ತರ್ತೀನಿ” ಎಂದು ತಿಮ್ಮಕ್ಕನವರು ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊರಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನೂ ಒಂದು ಕೊಡ ಹಿಡಿದು ಹಿಂದೆ ಹೋದೆ. ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಕಲ್ಲಿನ ಸಂದಿನಲ್ಲಿ ಇಳಿದು ಬುಡ ಸೇರುವುದರಿಂದ ನೆತ್ತಿಯಲ್ಲಿ ಬಾವಿ ತೋಡಿ ಪ್ರಯೋಜನವಿಲ್ಲವಂತೆ. ಬಾವಿ ಗುಡ್ಡದ ಬುಡದಲ್ಲೇ ಇತ್ತು. ಇಳಿಯುವಾಗ ಹಪ್ಪಳಗಲ್ಲಿನ ಮೇಲೆ ನಾನು ಎರಡು ಸಲ ಜಾರಿದೆ. ಬಾವಿಯ ತಳದಲ್ಲಿ ಮೊಣಕಾಲುದ್ದ ನೀರು. ಕೊಡ ತುಂಬಿಸಿ ಹೆಗಲಿಗೇರಿಸಿ ಹತ್ತತೊಡಗಿದರೆ ಅರ್ಧದಲ್ಲೇ ಎದೆ ಒಡೆಯುವಂತಾಯಿತು. ತಿಮ್ಮಕ್ಕನವರು ನನ್ನ ಕೊಡವನ್ನೂ ತೆಗೆದು ತಮ್ಮ ತಲೆಯ ಕೊಡದ ಮೇಲಿಟ್ಟುಕೊಂಡರು.

“ಬೇಜಾರು ಮಾಡ್ಕೊಬೇಡ ಕಣಪ್ಪ, ಅಭ್ಯಾಸ ಬೇಕು ಇದಕ್ಕೆ” ಅಂದರು. ಬರಿಗೈಯಲ್ಲಿ ಅವರ ಹಿಂದೆ ನಡೆದೆ.

ನಾವು ಮೇಲೆ ಬರುವಷ್ಟರಲ್ಲಿ ಅಪ್ಪನ ಲೆಕ್ಕಾಚಾರ ಮುಗಿದಿತ್ತು. “ಕೆರೆಗೋಡು ಹೊಡೆಸಿ, ಸುಣ್ಣ ಎರಚಿದ್ರೆ ಹುಳಿ ಮುರಿಯುತ್ತೆ. ನೀರು ನಿಲ್ಲದ ನೆಲ, ಹಿಪ್ಪುನೇರಳೆ ಬೇರು ಕೊಳೆಯಲ್ಲ. ನಮಗೆ ಒಪ್ಪಿಗೆ ಕಣ್ರೀ. ತನ್ನಿ ಬೆಲ್ಲದ ನೀರು!” ಎಂದು ತೊಡೆ ತಟ್ಟಿದರು. ನನಗೂ ಹೋದ ಜೀವ ಬಂದಂತಾಯಿತು. ಗೌರಿಯ ಮದುವೆ ನಿಕ್ಕಿಯಾಯಿತಲ್ಲ!

ತಿಮ್ಮಕ್ಕನವರು ಲೋಟದಲ್ಲಿ ಬೆಲ್ಲ ಕದಡಿ ತಂದರು. ಅಪ್ಪ ಕೈ ಚಾಚಿದರು. ಆಕೆ ಲೋಟ ಕೊಡದೆ ನಿಂತರು.

“ನೀವು ಒಪ್ಪಿದ್ದು ಸಂತೋಷ ಗೌಡ್ರೆ. ಮಣ್ಣು ನೋಡಿದ್ರಿ, ಬಾವಿ ನೋಡ್ಲಿಲ್ಲ. ಹುರುಳಿ ಬಿತ್ತೋನು ನನ್ನ ಮಗ. ಆ ಏರು ಹತ್ತೋಳು ನಿಮ್ಮ ಮಗಳು. ಒಂದ್ಸಲ ಅವಳನ್ನ ಕರ್ಕೊಂಡು ಬನ್ನಿ, ನೋಡ್ಲಿ. ಅವಳು ಹೂಂ ಅಂದ ದಿನ ಈ ನೀರು ಕುಡಿಯೋರಂತೆ.”

ಬೈರಪ್ಪನವರು “ಲೇ, ಲೇ” ಎಂದು ಎದ್ದರು. ಚನ್ನಪ್ಪ ಮೆಲ್ಲಗೆ, “ಅವ್ವ ಹೇಳೋದು ಸರಿ” ಅಂದ. ಆಕೆ ಲೋಟದೊಂದಿಗೆ ಒಳಗೆ ಹೋದರು. ಅಪ್ಪನ ಚಾಚಿದ ಕೈಯನ್ನು ನಾನು ನೋಡಲಾರದೆ ಹೋದೆ. ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಮೂರು ಮನೆ ನೋಡಿ ಬಂದಿದ್ದೆವು, ಇದು ನಾಲ್ಕನೆಯದು. ಗೌರಿಯನ್ನು ಒಂದು ಮಾತು ಕೇಳಬೇಕೆಂದು ಅಪ್ಪನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಸ್ಟೇಷನ್ನಿನವರೆಗೆ ಅಪ್ಪ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಬೆಳಿಗ್ಗೆ ಇಡ್ಲಿ ತಿಂದಾಗಿನಿಂದ ನೀರು ಮುಟ್ಟಿರದ ಅವರ ತುಟಿ ಒಡೆದಿತ್ತು. ದೊಡ್ಡಬಳ್ಳಾಪುರದಲ್ಲಿ ಇಳಿದವರೇ ನಲ್ಲಿಗೆ ಬೊಗಸೆಯೊಡ್ಡಿ ಗಟಗಟನೆ ಕುಡಿದರು. ಬಸ್ಸಿನಲ್ಲಿ ಯಾರೋ ಎಲ್ಲಿಂದ ಬಂದಿರಿ ಎಂದು ಕೇಳಿದರೆ, “ಇಲ್ಲೇ” ಎಂದು ಕಿಟಕಿಯ ಕಡೆ ತಿರುಗಿದರು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಕಾಲಿಗೆ ನೀರು ಹಿಡಿದು ಬಾಗಿಲಿಗೆ ಬಂದ ಗೌರಿ, “ಏನಾಯ್ತಣ್ಣ?” ಎಂದು ಪಿಸುಗುಟ್ಟಿದಳು. ನಾನು ಅಪ್ಪನ ಕಡೆ ನೋಡಿದೆ.

ಅಪ್ಪನೇ ಹೇಳಿದರು: “ನಾವು ಒಪ್ಪಿದ್ವಿ ಕಣಮ್ಮ. ಅವರು ನಿನ್ನ ಕೇಳ್ಕೊಂಡು ಬನ್ನಿ ಅಂದ್ರು.”

ಅಪ್ಪ ತಮಾಷೆ ಮಾಡುತ್ತಿದ್ದಾರೆಂದು ಗೌರಿ ನಕ್ಕಳು. “ನನ್ನನ್ನಾ? ನನ್ನ ಕೇಳೋದೇನಿರುತ್ತಪ್ಪ?”

ಅಪ್ಪ ಒದ್ದೆಗಾಲಲ್ಲೇ ಜಗಲಿಯ ಮೇಲೆ ಕೂತುಬಿಟ್ಟರು. ಅವಳು ಒಳಗೆ ಹೋಗಲು ತಿರುಗಿದಾಗ, ತಲೆ ಎತ್ತದೆ, “ಸೋಮವಾರ ನೀನೂ ಬಸ್ಸಿಗೆ ಹೊರಡಮ್ಮ” ಅಂದರು.