ಅತ್ತೆಯ ಔಷಧಿ ಡಬ್ಬಿ

ಆಕೆಗೆ ಮಾತ್ರೆಯಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಆ ಪರದೇಶದ ಊರಿನಲ್ಲಿ ಕನ್ನಡ ಮಾತಾಡುವ ಮನೆಗಳು ಇದ್ದದ್ದೇ ಇಪ್ಪತ್ತೋ ಇಪ್ಪತ್ತೆರಡೋ. ಅಷ್ಟೂ ಮನೆಗಳಲ್ಲಿ ಯಾರಿಗೆ ಸೀನು ಬಂದರೂ ಮೊದಲ ಫೋನು ಹೋಗುತ್ತಿದ್ದದ್ದು ಆಕೆಗೇ. ಎದೆ ಉರಿಗೆ ಊರಲ್ಲಿ ಕುಡಿಯುತ್ತಿದ್ದ ಗುಲಾಬಿ ಔಷಧಿಯನ್ನು ಇಲ್ಲಿ ಏನೆಂದು ಕೇಳಬೇಕು, ಮಗುವಿನ ಭೇದಿಗೆ ನೀರಿಗೆ ಕಲಸುವ ಪುಡಿ ಯಾವ ಅಂಗಡಿಯ ಯಾವ ಸಾಲಿನಲ್ಲಿರುತ್ತದೆ, ಎಲ್ಲವೂ ಆಕೆಯ ನಾಲಿಗೆಯ ತುದಿಯಲ್ಲಿ. ಓದಿದ್ದು ಮಾತ್ರ ಹತ್ತನೇ ತರಗತಿ. ಕೆಲಸ, ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹೊಲಿಗೆ: ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿಗೆ ಹೊಸ ಜಿಪ್ ಹಾಕುವುದು, ದಪ್ಪಗಾದವರ ಸೊಂಟ ಬಿಚ್ಚಿ ಅವರ ಮಾನ ಉಳಿಸುವುದು.

ಆಕೆಯ ಗುಟ್ಟೆಲ್ಲ ಇದ್ದದ್ದು ಒಂದು ನೋಟ್‌ಬುಕ್ಕಿನಲ್ಲಿ. ಊರಿನಿಂದ ಬಂದವರ ಮನೆಯ ಖಾಲಿ ಮಾತ್ರೆಪಟ್ಟಿಗಳನ್ನು ಕೇಳಿ ತಂದು ಎಡಗಡೆಯ ಹಾಳೆಗೆ ಅಂಟಿಸುವುದು. ಬಲಗಡೆ ಇಲ್ಲಿಯ ಪೆಟ್ಟಿಗೆಯ ತುಂಡು. ಪಟ್ಟಿಯ ಮೇಲೆ ದೊಡ್ಡದಾಗಿ ಇರುವ ಹೆಸರನ್ನು ನಂಬಬೇಡ, ಕೆಳಗೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದೇ ನಿಜವಾದ ಮದ್ದು ಎಂದು ಕಲಿಸಿದವಳು ಮೂಲೆಯ ಔಷಧಿ ಅಂಗಡಿಯ ಹೆಂಗಸು. ಕಲಿತದ್ದನ್ನು ಮಾತ್ರೆಯಕ್ಕ ಊರಿಗೆಲ್ಲ ಹಂಚಿದಳು. ಮನೆಯಲ್ಲಿದ್ದ ಒಬ್ಬ ಗಂಡನಿಗೆ ಹೇಳುವುದೊಂದು ಬಿಟ್ಟುಹೋಯಿತು. ಅವನು ಕೇಳಲಿಲ್ಲ, ಇವಳಿಗೆ ಹೇಳಬೇಕೆಂದು ಹೊಳೆಯಲಿಲ್ಲ.

ಗಂಡನದು ಶೀತಲಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಬೆಳಗಿನ ಐದಕ್ಕೆ ಒಳಹೊಕ್ಕರೆ ಮಧ್ಯಾಹ್ನ ಒಂದಕ್ಕೆ ಹೊರಗೆ. ಆ ಚಳಿಯಲ್ಲಿ ಎತ್ತಿ ಎತ್ತಿ ಅವನ ಸೊಂಟ ಕೈಕೊಟ್ಟಿತ್ತು. ಮಾತ್ರೆಯಕ್ಕ ಇಲ್ಲಿಯ ನೋವಿನ ಮಾತ್ರೆ ತಂದು, ದಿನಕ್ಕೆ ನಾಲ್ಕು ಹೊತ್ತು ಎರಡೆರಡು, ಅದಕ್ಕಿಂತ ಒಂದೂ ಹೆಚ್ಚಿಗೆ ಬೇಡ ಎಂದು ಕಟ್ಟುನಿಟ್ಟು ಮಾಡಿದ್ದಳು. ಅವನೂ ಪಾಪದ ಪ್ರಾಣಿ, ಹೇಳಿದಷ್ಟೇ ನುಂಗುತ್ತಿದ್ದ.

ಹೀಗಿರುವಾಗ ಅತ್ತೆಯ ಡಬ್ಬಿ ಬಂತು.

ಅತ್ತೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ರಜೆ ಸಿಗದೆ ಮಗನಿಗೆ ಮಣ್ಣಿಗೆ ಹೋಗಲಾಗಲಿಲ್ಲ. ನಾದಿನಿ ಯಾರದೋ ಕೈಯಲ್ಲಿ ಕಳಿಸಿದ ಆ ಹಳೆಯ ಬಿಸ್ಕತ್ತಿನ ಡಬ್ಬಿಯ ಜೊತೆ ಫೋನಿನಲ್ಲಿ ಒಂದು ಮಾತೂ ಬಂತು. "ಅತ್ತಿಗೆ, ಅಮ್ಮ ಕೊನೇಲಿ ಅದೇ ಜಪ. ಅವನಿಗೆ ಅಲ್ಲಿ ಏನೂ ಸಿಗಲ್ಲ, ನನ್ನ ಡಬ್ಬಿ ಕಳಿಸು, ಕಳಿಸು ಅಂತ."

ಅತ್ತೆ ಸೊಸೆಯರದು ಎಣ್ಣೆ ಸೀಗೇಕಾಯಿ ಸಂಬಂಧ. ಆದರೂ ಡಬ್ಬಿ ತೆರೆದಾಗ ಮಾತ್ರೆಯಕ್ಕನ ಕಣ್ಣು ತುಂಬಿತು. ಒಳಗೆ ಜ್ವರ ನೋವಿಗೆ ಊರಲ್ಲಿ ಎಲ್ಲರೂ ನುಂಗುವ ಮಾತ್ರೆ, ಪಟ್ಟಿಯಿಂದ ಒಂದೊಂದಾಗಿ ಕತ್ತರಿಸಿಟ್ಟದ್ದು, ಸರಿಯಾಗಿ ಅರವತ್ತು. ಪ್ರತಿ ತುಂಡಿನ ನಾಲ್ಕೂ ಮೂಲೆಗಳನ್ನು ಕತ್ತರಿಯಿಂದ ಗುಂಡಗೆ ಮಾಡಿತ್ತು. ಪಟ್ಟಿಯ ಚೂಪು ಬೆರಳಿಗೆ ಚುಚ್ಚಬಾರದೆಂದು ಅತ್ತೆ ಜೀವಮಾನವಿಡೀ ಮಾಡಿಕೊಂಡು ಬಂದ ಕೆಲಸ. ಜೊತೆಗೆ ಒಂದು ಉರುಟು ತಲೆನೋವಿನ ಬಾಮಿನ ಡಬ್ಬಿ, ತುಕ್ಕು ಹಿಡಿದು ಮುಚ್ಚಳ ಕಚ್ಚಿಕೊಂಡಿತ್ತು. ಗಂಡ ಇಕ್ಕಳ ಹಾಕಿ ತಿರುಗಿಸಿದ, ಮುಖ ಕೆಂಪಗಾಯಿತೇ ಹೊರತು ಮುಚ್ಚಳ ಅಲ್ಲಾಡಲಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದಿಲ್ಲ. ಖಾಲಿ. ಅಮ್ಮನ ನೆನಪಿಗೆ ಇರಲಿ ಎಂದು ಹಾಗೇ ಇಟ್ಟರು. ಅತ್ತೆಯ ಮಾತ್ರೆಗಳನ್ನು ಯಾರಿಗೂ ಕೊಡಕೂಡದೆಂದು ಮಾತ್ರೆಯಕ್ಕ ಡಬ್ಬಿಯನ್ನು ಅಡುಗೆಮನೆಯ ಮೇಲಿನ ಕಪಾಟಿಗೆ ಸೇರಿಸಿದಳು.

ಕೆಲವು ದಿನಗಳ ನಂತರ, ಒಂದು ತುಂಡನ್ನು ನೋಟ್‌ಬುಕ್ಕಿಗೆ ಅಂಟಿಸೋಣವೆಂದು ಡಬ್ಬಿ ಇಳಿಸಿದಾಗ ಯಾಕೋ ಎಣಿಸಿದಳು. ಐವತ್ನಾಲ್ಕು. ತನ್ನದೇ ಲೆಕ್ಕ ತಪ್ಪಿರಬೇಕೆಂದುಕೊಂಡು, ಅಂಟಿಸುವ ಕೆಲಸ ಬಿಟ್ಟು ಅಷ್ಟನ್ನೂ ಒಳಗೇ ಇಟ್ಟಳು. ಮರುದಿನ ಸಂಜೆ ಐವತ್ತೆರಡು. ಅದರ ಮರುದಿನ ಐವತ್ತು.

ದಿನಕ್ಕೆ ಎರಡು. ಗಂಡನನ್ನು ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಲಿಲ್ಲ. ತಾಯಿಯ ಮಣ್ಣಿಗೆ ಹೋಗಲಾಗದ ಮಗ ಆ ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಕನಿಷ್ಠ ಇವಳ ಎದುರಿಗೆ. ಅಲ್ಲದೆ ಅವಳ ತಲೆಯಲ್ಲಿ ಆಗಲೇ ಬೇರೊಂದು ಯೋಚನೆ ಹೊಕ್ಕಿತ್ತು. ಅತ್ತೆ ಬದುಕಿದ್ದಾಗ ಊಟವಾದ ಮೇಲೆ ಒಂದು, ಸಂಜೆ ಒಂದು, ದಿನಕ್ಕೆ ಎರಡು ನುಂಗುತ್ತಿದ್ದರು.

ಹೊಲಿಗೆಯವಳ ಬುದ್ಧಿ ದಾರದ ಕಡೆಗೇ ಓಡುತ್ತದೆ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಡಬ್ಬಿಗೆ ನೀಲಿ ದಾರ ಸುತ್ತಿ, ತಾನು ಗುಂಡಿಗೆ ಹಾಕುವ ಬಿಗಿ ಗಂಟು ಹಾಕಿದಳು. ಸಂಜೆ ಐದೂಕಾಲಿಗೆ ಬಂದು ಕೋಟು ಕೂಡ ಬಿಚ್ಚದೆ ಕಪಾಟು ತೆರೆದಳು. ದಾರ ಇದ್ದಲ್ಲೇ ಇತ್ತು. ಗಂಟೂ ಇತ್ತು. ಆದರೆ ಅದು ಅವಳ ಗಂಟಲ್ಲ.

ಎರಡು ಸುತ್ತು ಮಡಿಚಿ, ತುದಿಯನ್ನು ಒಳಗೆ ತೂರಿಸಿದ ಗಂಟು. ಮದುವೆಯಾದ ಹೊಸದರಲ್ಲಿ ಅತ್ತೆ ಪೊಟ್ಟಣ ಕಟ್ಟುವಾಗೆಲ್ಲ ಅದನ್ನು ಕಲಿಸಲು ನೋಡಿ ಸೋತಿದ್ದರು. "ಗಂಟು ಅಂದ್ರೆ ಒಂದೇ ಎಳೆತಕ್ಕೆ ಬಿಚ್ಕೋಬೇಕು ಕಣೇ. ನಿನ್ ಗಂಟಿಗೆ ಕತ್ರಿನೇ ಬೇಕು. ಹೊಲಿಗೆ ಕಲ್ತಿದೀನಿ ಅಂತೀಯಾ!" ಎಂದು ನಾಲ್ಕು ಜನರ ಮುಂದೆ ನಕ್ಕಿದ್ದರು. ಆ ಅವಮಾನ ಮಾತ್ರೆಯಕ್ಕನಿಗೆ ಹನ್ನೆರಡು ವರ್ಷವಾದರೂ ಆರಿರಲಿಲ್ಲ. ಈಗ ಅದೇ ಗಂಟು ಕಣ್ಣ ಮುಂದೆ. ಡಬ್ಬಿ ತೆರೆದು ಎಣಿಸಿದಳು. ಒಳಗೆ ಎರಡು ಮಾತ್ರೆ ಕಡಿಮೆ.

ಅವತ್ತಿನಿಂದ ಅವಳು ದಿನಾ ಬೆಳಿಗ್ಗೆ ಹೊಸ ದಾರ ಕಟ್ಟಿದಳು, ದಿನಾ ಸಂಜೆ ಅತ್ತೆಯ ಗಂಟು ಕಂಡಳು. ಮೆಟ್ಟಿಲು ಹತ್ತುವಾಗ ಬಾಮಿನ ವಾಸನೆ ಮೂಗಿಗೆ ಹೊಡೆಯತೊಡಗಿತು. ಕೆಳಗಿನ ಮನೆಯವರನ್ನು ಕೇಳಿದರೆ ಅವರಿಗೆ ಯಾವ ವಾಸನೆಯೂ ಇಲ್ಲ. ಅಂಗಡಿಯಲ್ಲಿ ಸೂಜಿ ಎರಡು ಸಲ ಬೆರಳಿಗೆ ಹೊಕ್ಕಿತು. ಜನ ಫೋನು ಮಾಡಿ ಕೆಮ್ಮಿನ ಔಷಧಿ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿ ಇಡುತ್ತಿದ್ದಳು. ಗಂಡ ಅನ್ನ ಬಿಡುತ್ತಿದ್ದಾನೆ, ಬೆಳಿಗ್ಗೆ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದಾನೆ ಎಂಬುದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಡಬ್ಬಿಯನ್ನು ಕಾದಷ್ಟು ಗಂಡನನ್ನು ಕಾಯಲಿಲ್ಲವಲ್ಲ ಎಂದು ಆಮೇಲೆ ಅವಳು ಅತ್ತದ್ದು ಇದಕ್ಕೇ.

ಒಂದು ದಿನ ಅಂಗಡಿಯ ಉಗಿಯಂತ್ರ ಕೆಟ್ಟು, ಒಡತಿ ಎಲ್ಲರನ್ನೂ ಮಧ್ಯಾಹ್ನವೇ ಮನೆಗೆ ಕಳಿಸಿದಳು. ಮಾತ್ರೆಯಕ್ಕ ಮೆಟ್ಟಿಲು ಹತ್ತಿದಾಗ ಎರಡು ಗಂಟೆಗೆ ಕಾಲು ಗಂಟೆ ಬಾಕಿ. ಬಾಮಿನ ವಾಸನೆ ಎಂದಿಗಿಂತ ಜೋರಾಗಿತ್ತು. ಅಡುಗೆಮನೆಯಿಂದ ಡಬ್ಬಿಯ ಮುಚ್ಚಳದ ಸದ್ದು ಬಂತು. ಓಡಿಹೋಗಬೇಕೆನಿಸಿತು. ಆದರೂ ಹಲ್ಲು ಕಚ್ಚಿ ಬೀಗ ತೆಗೆದಳು.

ಮೇಜಿನ ಮುಂದೆ ಗಂಡ ಕೂತಿದ್ದ. ನೆಲದ ಮೇಲೆ ಕಿತ್ತ ನೀಲಿ ದಾರ. ಕೈಯಲ್ಲಿ ಎರಡು ಗುಂಡು ಮೂಲೆಯ ತುಂಡುಗಳು.

ಹೋದ ಜೀವ ಬಂದಂತಾಗಿ ಅವಳು ನಕ್ಕೇಬಿಟ್ಟಳು. "ಅಯ್ಯೋ ರೀ, ನೀವಾ? ನಾನು ಏನೇನೋ ಅಂದ್ಕೊಂಡು ಸತ್ತೆ. ಕದ್ದು ಯಾಕ್ರೀ ತಗೋತೀರ?"

"ಬಯ್ತೀಯಾ ಅಂತ. ನೀನು ಕೊಡೋದು ನಾಲ್ಕು ಹೊತ್ತೂ ತಗೋತಾನೇ ಇದೀನಿ, ಒಂದೂ ತಪ್ಪಿಸಿಲ್ಲ. ಅದು ನಾಟ್ತಾ ಇಲ್ಲ. ಅದಕ್ಕೇ ಮೇಲೆ ನಮ್ಮೂರಿಂದು."

ಅವಳ ನಗು ಅಲ್ಲೇ ನಿಂತಿತು. "ರೀ, ಅದೂ ಇದೂ ಒಂದೇ ಮದ್ದು. ಹೆಸರು ಬೇರೆ ಅಷ್ಟೆ."

"ಸುಮ್ನಿರೇ. ಅದು ನೀನು ತಂದಿದ್ದು, ಇದು ಅಮ್ಮ ಕಳಿಸಿದ್ದು. ಎರಡೂ ಒಂದೇ ಹೇಗಾಗುತ್ತೆ?" ಎಂದು ಅವನು ತಲೆಯೆತ್ತಿದ. ಕಿಟಕಿಯ ಬೆಳಕು ನೇರ ಮುಖಕ್ಕೆ ಬಿತ್ತು. ಕಣ್ಣಿನ ಬಿಳಿಯೆಲ್ಲ ಅರಿಶಿನ.

ಮೇಜಿನ ಮೇಲಿದ್ದದ್ದು, ಡಬ್ಬಿಯಲ್ಲಿದ್ದದ್ದು, ಅಷ್ಟೂ ಮಾತ್ರೆಗಳನ್ನು ಕೈಚೀಲಕ್ಕೆ ಸುರಿದುಕೊಂಡು, ಡಬ್ಬಿಯನ್ನು ಬಾಯಿ ತೆರೆದಂತೆಯೇ ಬಿಟ್ಟು, ಗಂಡನನ್ನು ಮೂಲೆಯ ಔಷಧಿ ಅಂಗಡಿಗೆ ನಡೆಸಿಕೊಂಡು ಹೋದಳು. ಅಲ್ಲಿಯ ಹೆಂಗಸು ಮಾತ್ರೆಗಳನ್ನು ನೋಡಲೇ ಇಲ್ಲ. ಅವನ ಕಣ್ಣು ನೋಡಿದವಳೇ ಆಂಬುಲೆನ್ಸಿಗೆ ಫೋನು ಮಾಡಿದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಬಾಟಲಿ ತೂಗುಹಾಕಿ, ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಬಂದು ಕೂತರು. ಎಷ್ಟು ದಿನ, ದಿನಕ್ಕೆ ಎಷ್ಟು, ನಿಖರವಾಗಿ ಹೇಳಬೇಕು ಎಂದರು. ಮಾತ್ರೆಯಕ್ಕನಿಗೆ ಲೆಕ್ಕ ಬಾಯಿಪಾಠ. ಅರವತ್ತರಲ್ಲಿ ಚೀಲದಲ್ಲಿರುವುದು ಇಪ್ಪತ್ತಾರು. ಹದಿನೇಳು ದಿನಕ್ಕೆ ಮೂವತ್ನಾಲ್ಕು.

"ಇಲ್ಲ, ನುಂಗಿದ್ದು ಹದಿನೇಳೇ," ಎಂದ ಗಂಡ ಮಲಗಿದಲ್ಲಿಂದ. "ದಿನಾ ಎರಡು ತೆಗೀತಿದ್ದೆ. ಒಂದು ಮಧ್ಯಾಹ್ನದ ಊಟ ಆದ್ಮೇಲೆ. ಇನ್ನೊಂದು ಎದ್ದ ಮೇಲೆ ತಗೊಳ್ಳೋಣ ಅಂತ ಕಿಟಕಿ ಹತ್ರ ಲೋಟದ ಪಕ್ಕ ಇಟ್ಟು ಮಲಗ್ತಿದ್ದೆ. ಏಳೋ ಹೊತ್ತಿಗೆ ಇರ್ತಿರಲಿಲ್ಲ. ನೀನೇ ನೋಡಿ ಎತ್ತಿಟ್ಟಿದೀಯ ಅಂತ ಬಾಯಿ ಮುಚ್ಕೊಂಡಿದ್ದೆ."

"ನೀವು ಏಳೋದು ಸಂಜೆ ನಾಲ್ಕೂವರೆಗೆ. ನಾನು ಬರೋದು ಐದೂಕಾಲಿಗೆ."

ಡಾಕ್ಟರಮ್ಮ ಬರೆದುಕೊಂಡು ಎದ್ದರು. "ಹದಿನೇಳಕ್ಕೇ ಲಿವರ್‌ಗೆ ಈ ಗತಿ. ಮೂವತ್ನಾಲ್ಕೂ ಒಳಗೆ ಹೋಗಿದ್ದರೆ ನಾನು ನಿಮ್ಮ ಹತ್ತಿರ ಬೇರೆ ಮಾತಾಡಬೇಕಾಗುತ್ತಿತ್ತು," ಎಂದರು.

ಅವರು ಹೋದ ಮೇಲೆ ಮಾತ್ರೆಯಕ್ಕ ಗಂಡನ ಕೈ ಹಿಡಿದು ಮೆಲ್ಲಗೆ ಕೇಳಿದಳು. "ರೀ, ಆ ಗಂಟು ಹಾಕ್ತಿದ್ದಿದ್ದು ನೀವೇ ತಾನೇ? ಅಮ್ಮ ಹಾಕೋ ಗಂಟು?"

"ಯಾವ ಗಂಟು? ದಾರ ಕಿತ್ತು ಬಿಸಾಕ್ತಿದ್ದೆ ಅಷ್ಟೇ. ದಿನಾ ನೀನೇ ಕಟ್ತಿದೀಯ ಅಂದ್ಕೊಂಡಿದ್ದೆ. ಅಮ್ಮನ ಗಂಟು ನನಗೆಲ್ಲಿ ಬರುತ್ತೆ? ಅದು ಹೆಣ್ಮಕ್ಕಳ ಕೆಲಸ ಅಂತ ನನಗೆ ಹೇಳ್ಕೊಡ್ಲೇ ಇಲ್ಲ."

ಮರುದಿನ ಬೆಳಿಗ್ಗೆ ಅವನ ಬಟ್ಟೆ ತರಲು ಮನೆಗೆ ಬಂದಳು. ಬಾಗಿಲ ಬೀಗ ಹಾಕಿದಂತೆಯೇ ಇತ್ತು. ಮೇಜಿನ ಮೇಲೆ, ಬಾಯಿ ತೆರೆದು ಬಿಟ್ಟುಹೋಗಿದ್ದ ಡಬ್ಬಿಗೆ ಮುಚ್ಚಳ ಬಿದ್ದಿತ್ತು. ಸುತ್ತ ನೀಲಿ ದಾರ, ನಡುವೆ ಆ ಗಂಟು.

ಅವಳಿಗೆ ಹೆದರಿಕೆಯಾಯಿತು. ಸುಳ್ಳೇಕೆ, ಬಾಗಿಲು ತೆರೆದಿಟ್ಟುಕೊಂಡೇ ಮೇಜಿನ ಹತ್ತಿರ ಹೋದಳು. ತುದಿ ಹಿಡಿದು ಎಳೆದಳು. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಒಳಗೆ ಆ ತುಕ್ಕು ಹಿಡಿದ ಬಾಮಿನ ಡಬ್ಬಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಮುಚ್ಚಳ ಮೊದಲಿನಂತೆಯೇ ಕಚ್ಚಿಕೊಂಡಿತ್ತು, ತುಕ್ಕಿನ ಪುಡಿ ಕೂಡ ಉದುರಿರಲಿಲ್ಲ. ಕೈಗೆತ್ತಿಕೊಂಡಳು. ಕಿವಿಯ ಹತ್ತಿರ ಅಲ್ಲಾಡಿಸಿದಳು.

ಗಲಗಲ ಎಂದಿತು.

ಎಷ್ಟಿವೆಯೆಂದು ಎಣಿಸಲು ಅದನ್ನು ಒಡೆಯಬೇಕಾಗಿರಲಿಲ್ಲ. ಕುರ್ಚಿಯ ಮೇಲೆ ಕುಸಿದು, ಹನ್ನೆರಡು ವರ್ಷದಿಂದ ಬೈದುಕೊಂಡು ಬಂದ ಹೆಂಗಸಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು. "ಅತ್ತೆ, ನಾನು ನೋಡ್ಲಿಲ್ಲ. ನೀವು ನೋಡಿದ್ರಿ," ಎಂದಳು. ಖಾಲಿ ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

ಕಣ್ಣೊರೆಸಿಕೊಂಡು ಬಾಮಿನ ಡಬ್ಬಿಯನ್ನು ಒಳಗಿಟ್ಟಳು, ಮುಚ್ಚಳ ಹಾಕಿದಳು, ನೀಲಿ ದಾರ ಸುತ್ತಿದಳು. ಎರಡು ಸುತ್ತು ಮಡಿಚಿ, ತುದಿಯನ್ನು ಒಳಗೆ ತೂರಿಸಿದಳು. ಬೆರಳುಗಳ ಮೇಲೆ ಬಾಮು ಹಚ್ಚಿದಂತೆ ತಣ್ಣಗಾಯಿತು. ಅವಳು ಕೈ ಹಿಂದೆಗೆಯಲಿಲ್ಲ. ಗಂಟು ಮೊದಲ ಸಲವೇ ಸರಿಯಾಗಿ ಬಿತ್ತು.