ಬೆಂಚುಮಂತ್ರಿಗಳ ಕಾಲರು

ದರ್ಜಿಯ ಅಂಗಡಿಯ ಬೆಂಚಿನ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಅಧಿವೇಶನ ಸೇರುತ್ತದೆ. ಅದರ ಆಡಳಿತ ಪಕ್ಷವೂ ವಿರೋಧ ಪಕ್ಷವೂ ಒಬ್ಬರೇ, ನಮ್ಮ ಬೆಂಚುಮಂತ್ರಿಗಳು. ಮುಚ್ಚಿಹೋದ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ ಅವರು ಪೇಪರನ್ನು ಕತ್ತಿಯಂತೆ ಝಳಪಿಸುತ್ತ ಬಂದು, ಕೂರುವ ಮೊದಲೇ ಸರ್ಕಾರದ ಉದ್ಯೋಗ ಯೋಜನೆಯ ಮೇಲೆ ಯುದ್ಧ ಸಾರುತ್ತಾರೆ. "ಲಕ್ಷ ಜನಕ್ಕೆ ಕೆಲಸ ಕೊಡ್ತಾರಂತೆ. ಕೆಲಸ ಏನು ಮರದಲ್ಲಿ ಬಿಡುತ್ತಾ? ಅರ್ಜಿ ಹಾಕೋರೆಲ್ಲ ಕೈಲಾಗದೋರು. ರಟ್ಟೇಲಿ ಕಸುವಿದ್ದೋನು ಸರ್ಕಾರದ ಬಾಗಿಲು ಕಾಯ್ತಾನಾ?" ಗುಂಡಿ ಹಾಕಿಸಲು ಬಂದ ಮೇಷ್ಟ್ರು ಎದುರಾಡಿದರೆ, "ತಿಂಗಳು ತಿಂಗಳು ಸಂಬಳ ಎಣಿಸೋ ನಿಮಗೇನ್ರೀ ಗೊತ್ತು?" ಎಂದು ಒಂದೇ ಏಟಿಗೆ ಮಲಗಿಸುತ್ತಾರೆ. ಸಭಾಧ್ಯಕ್ಷನಾದ ದರ್ಜಿ ಸೂಜಿ ಕಚ್ಚಿಕೊಂಡು ಎರಡೂ ಪಕ್ಷಕ್ಕೆ "ಹೂಂ" ಅನ್ನುತ್ತಾನೆ. ಸವೆದ ಕಾಲರನ್ನು ಬಿಚ್ಚಿಸಿ, ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ಹೊಲಿಸಿಕೊಳ್ಳುವಾಗ ಮಾತ್ರ ಮಂತ್ರಿಗಳ ದನಿ ತಗ್ಗುತ್ತದೆ. ಮೊನ್ನೆ ಹಾಗೆ ಹೊಲಿದು ಕೊಟ್ಟ ಅಂಗಿಯನ್ನು ಅಂಗಡಿಯ ಪರದೆಯ ಹಿಂದೆ ತೊಡುವಾಗ ಜೇಬಿನಲ್ಲಿ ಏನೋ ಸರಪರ ಅಂದಿತು. ಅದೇ ಯೋಜನೆಗೆ ಅವರೇ ತುಂಬಿ, ತೆಗೆದಿಡಲು ಮರೆತಿದ್ದ ಅರ್ಜಿ! ಬೆವರಿಗೆ ಮುದುಡಿಹೋಗಿದ್ದ ಆ ಕಾಗದಕ್ಕೆ ಯಾರೋ ಹದವಾಗಿ ಇಸ್ತ್ರಿ ಹೊಡೆದಿದ್ದರು. ಮಂತ್ರಿಗಳಿಗೆ ಕಿವಿಯ ತುದಿಯವರೆಗೆ ಬಿಸಿಯೇರಿತು. ಹೊರಗೆ ಬಂದರೆ ದರ್ಜಿ ತಲೆ ಎತ್ತಲಿಲ್ಲ. ನೂಲು ಪೋಣಿಸುತ್ತ, "ನಾಳೆ ಕೊನೇ ದಿನವಂತೆ ಅಣ್ಣ," ಎಂದು ಮೆಲ್ಲಗೆ ಹೇಳಿದ. ಅಷ್ಟರಲ್ಲಿ ಮೇಷ್ಟ್ರು ಬಂದು ಬೆಂಚಿನ ತುದಿಯಲ್ಲಿ ಕೂತು, "ಏನ್ರೀ, ಇವತ್ತು ಯಾರ ಮೇಲೆ ಯುದ್ಧ?" ಎಂದರು. ಮಂತ್ರಿಗಳು ಮಗುಚಿದ ಕಾಲರಿನ ಗುಂಡಿಯನ್ನು ಗಂಟಲವರೆಗೆ ಹಾಕಿಕೊಂಡು, "ಇವತ್ತು ನೀವು ಮಾತಾಡಿ ಮೇಷ್ಟ್ರೇ, ನಾನು ಕೇಳ್ತೀನಿ," ಎಂದರು.