ನಾಲ್ಕನೇ ಜ್ವರ

“ನಾಲ್ಕನೇ ಜ್ವರ ಟೀಚರಮ್ಮ. ಎಲ್ಲಾ ಊಟ ಬಿಟ್ಟವೆ, ತಲೆ ಎತ್ಕೊಂಡು ಅಲ್ಲಾಡ್ದೆ ಮಲಗವೆ!”

ರತ್ನಮ್ಮ ಇದನ್ನು ನಗುನಗುತ್ತಾ ಹೇಳಿದರು. ಮಕ್ಕಳಿಗೆ ಜ್ವರ ಬಂದರೆ ನಗುವ ಹೆಂಗಸನ್ನು ನಾನು ಧಾರವಾಡದಲ್ಲಿ ಕಂಡವಳಲ್ಲ.

ರತ್ನಮ್ಮ ಅಂದರೆ ನನಗೆ ರೂಮು ಕೊಟ್ಟ ಮನೆಯವರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಅವರ ಹಳ್ಳಿ. ನಾನು ಬಂದು ಆಗ ನಾಲ್ಕೇ ದಿನ. ಬಂದದ್ದು ಕಾದಂಬರಿ ಬರೆಯಲಿಕ್ಕೆ. ಕಾಡುಗುಡ್ಡದಲ್ಲಿ ಒಬ್ಬಳೇ ಉಳಿದು, ಗಿಡಮರ ನಂಬಿ ಬದುಕಿಕೊಳ್ಳುವ ಹೆಂಗಸಿನ ಕತೆ. ಶಾಲೆಯ ಗದ್ದಲದಲ್ಲಿ, ಮನೆ ತುಂಬ ಮಂದಿಯಲ್ಲಿ ಆಯುಷ್ಯ ಕಳೆದ ನನಗೆ ಒಂಟಿತನದ ಗಂಧಗಾಳಿಯೂ ಇರಲಿಲ್ಲ. ರಿಟೈರ್ ಆದದ್ದೇ ತಡ, ಗಂಟು ಕಟ್ಟಿಕೊಂಡು ಯಾರೂ ಗೊತ್ತಿಲ್ಲದ ಊರಿಗೆ ಬಂದುಬಿಟ್ಟೆ.

ಒಂಟಿತನ ಎಲ್ಲಿಂದ ಸಿಗಬೇಕು! ಬಾಗಿಲು ತೆಗೆದರೆ ಸಾಕು, “ಏಮ್ಮಾ, ಒಕ್ಕದಾನಿವೇನಾ?” ಅಂತ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು. ಒಬ್ಬಳೇನಾ ಅಂತ ಅದರ ಅರ್ಥ. ಇಲ್ಲಿ ಕನ್ನಡ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ನಮ್ಮ ಕಡೆ ಮಾತಿಗೊಂದು ‘ರೀ’ ಹಚ್ಚುತ್ತೇವೆ. ಇಲ್ಲಿ ಕೂಸಿಗೂ ‘ಅಪ್ಪ’, ‘ಅಮ್ಮ’. ನಾನು ರಾಗಿಮುದ್ದೆ ಅಗಿಯುವುದನ್ನು ನೋಡಿ ಪಕ್ಕದ ಮನೆಯವರು ಬಿದ್ದು ಬಿದ್ದು ನಕ್ಕರು. ರೊಟ್ಟಿ ಮುರಿದು ಉಂಡವಳಿಗೆ ನುಂಗುವುದು ಹೇಗೆ ಬಂದೀತು?

ರತ್ನಮ್ಮ ಮೊದಲ ದಿನವೇ ಹೇಳಿದ್ದರು: “ಹಿಂದಿನ ಮನೇಲಿ ನಮ್ ಮಕ್ಳವೆ, ಆ ಕಡೆ ಮಾತ್ರ ಬರ್ಬೇಡಿ ಟೀಚರಮ್ಮ.” ಮಗನ ಮಕ್ಕಳೋ ಮಗಳ ಮಕ್ಕಳೋ ಅಲ್ಲಿವೆ ಅಂದುಕೊಂಡೆ. ಚಿಕ್ಕ ಮಕ್ಕಳಿಗೆ ‘ಅವು, ಇವು’ ಅನ್ನುವುದು ನಮ್ಮಲ್ಲೂ ಉಂಟು. ಆ ಮನೆಯ ಕಿಟಕಿಗಳಿಗೆಲ್ಲ ದಟ್ಟ ಬಲೆ ಹೊಡೆದಿದ್ದರು. ಬಲೆ, ಜ್ವರ, ಊಟ ಬಿಟ್ಟ ಮಕ್ಕಳು. ಡೆಂಗಿ ಅಲ್ಲದೆ ಇನ್ನೇನು?

ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಆ ಮನೆಗೆ ಬೀಗ ಜಡಿದು ಸೊಪ್ಪು ತರಲು ತೋಟಕ್ಕೆ ಹೊರಟರು. ನನ್ನ ಪಿತ್ತ ನೆತ್ತಿಗೇರಿತು. ಇವರೆಂಥ ಅಜ್ಜ ಅಜ್ಜಿ! ಹಿಂದಿನ ಮನೆಯ ಕಿಟಕಿಗೆ ಮುಖವಿಟ್ಟು “ಏ ಕೂಸಾ” ಅಂತ ಕರೆದೆ. ಒಳಗೆ ಕತ್ತಲು, ಪಿಟ್ಟೆನ್ನುವ ಸದ್ದಿಲ್ಲ. ಜ್ವರದ ಮಂಪರು, ಪಾಪ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆಂದು ಶಾಲೆಯಲ್ಲಿ ನೂರು ಸಲ ಹೇಳಿದವಳು ನಾನು. ಧಾರವಾಡದಿಂದ ತಂದಿದ್ದ ಸೊಳ್ಳೆ ಬತ್ತಿಗಳನ್ನು ಕಿಟಕಿಗೊಂದರಂತೆ ಹಚ್ಚಿಟ್ಟೆ. ಸಾಲದೆಂದು ಬಲೆಗಳಿಗೆ ಸ್ಪ್ರೇ ಹೊಡೆದೆ, ಡಬ್ಬಿ ಖಾಲಿಯಾಗುವ ತನಕ. ಕೈ ತೊಳೆದುಕೊಂಡು ಬಂದು, ಒಂದು ಒಳ್ಳೆ ಕೆಲಸ ಮಾಡಿದ ಸಮಾಧಾನದಲ್ಲಿ ಕಾದಂಬರಿ ಬರೆಯಲು ಕೂತೆ.

ಸಂಜೆ ಬಿಸಿಲು ಇನ್ನೂ ಇತ್ತು. “ಅಯ್ಯೋ, ನಾ ಬಿಡ್ಡಲು! ನನ್ ಮಕ್ಳು!” ಅಂತ ರತ್ನಮ್ಮ ಕೂಗಿದರು. ಮಕ್ಕಳು ಹೋದವು ಅಂತಲೇ ತಿಳಿದು ಓಡಿದೆ.

ಬಾಗಿಲಲ್ಲಿ ನಿಂತು ನೋಡುತ್ತೇನೆ, ತೊಟ್ಟಿಲಿಲ್ಲ, ಹಾಸಿಗೆಯಿಲ್ಲ. ಅಟ್ಟಣಿಗೆಯಂತೆ ಅಂಕಣದ ಮೇಲೆ ಅಂಕಣ, ಅವುಗಳ ತುಂಬ ಬಿಳಿ ರೇಷ್ಮೆ ಹುಳಗಳು. ಸಾವಿರಾರು. ಮೈ ತಿರುಚಿಕೊಂಡು ಹಸಿರು ನೀರು ಕಕ್ಕುತ್ತಿದ್ದವು.

“ಸದ್ಯ! ಹುಳಾನಾ!” ಅಂದೆ.

ಆ ಮಾತು ಹೇಗೆ ಬಾಯಿಂದ ಬಿತ್ತೋ! ರತ್ನಮ್ಮ ತಿರುಗಿ ನೋಡಿದರು. ಅವರ ಗಂಡ ವೆಂಕಟರವಣಪ್ಪ ಕಿಟಕಿಯ ಕೆಳಗಿನ ಬೂದಿ ಕಂಡು, ಮೂಸಿ, “ಯಾರು ಹಚ್ಚಿದ್ದು ಇದು?” ಅಂದರು. “ನಾನೇರೀ. ಜ್ವರ ಅಂದ್ರಲ್ಲ, ಸೊಳ್ಳೆ ಅಂತ…” ಅಂದೆ.

ಅವತ್ತು ಗೊತ್ತಾಯಿತು: ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ಅಲುಗಾಡದೆ ಕೂತು ಚರ್ಮ ಕಳಚುತ್ತದೆ. ಅದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿಯಿತೆಂದರೆ ಗೂಡು ಕಟ್ಟುವ ಕಾಲ ಹತ್ತಿರ, ಅದಕ್ಕೇ ರತ್ನಮ್ಮನ ನಗು. ಬಲೆ ಇದ್ದದ್ದು ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣಕ್ಕೆ. ಸೊಳ್ಳೆ ಬತ್ತಿಯ ಹೊಗೆ ಸೋಕಿದರೂ ಹುಳ ಉಳಿಯುವುದಿಲ್ಲವಂತೆ. ಇಲ್ಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ.

ಹೊರಗಿನವರು ಕಾಲಿಡಬಾರದ ಆ ಮನೆಗೆ ನನ್ನನ್ನು ಮೊದಲ ಸಲ ಕರೆದದ್ದು ಸತ್ತ ಹುಳ ಬಳಿಯಲಿಕ್ಕೆ. ಬುಟ್ಟಿಬುಟ್ಟಿ ಹೊತ್ತು, ಗುಂಡಿಗೆ ಹಾಕಿ, ಸುಣ್ಣ ಚೆಲ್ಲಿ ಮುಚ್ಚಿದೆವು. ಮೂಲೆಯ ಒಂದು ಅಂಕಣ ಮಾತ್ರ ಉಳಿಯಿತು. ಬುಟ್ಟಿ ಹೊರುತ್ತ ಅತ್ತೆ. ಅಳುವುದಕ್ಕೂ ನಾಚಿಕೆಯಾಯಿತು.

“ರೂಮು ಖಾಲಿ ಮಾಡ್ತೀನ್ರೀ,” ಅಂದೆ.

“ಎಲ್ಲಿಗೋಗ್ತೀರ? ಇರಿ. ಆ ಪುಸ್ತಕ ಏನಾಯ್ತು?”

ಕತೆ ಹೇಳಿದೆ. ಕೇಳಿ ರತ್ನಮ್ಮ, “ಕಾಡಲ್ಲಿ ಅವ್ಳೊಬ್ಳೇನಾ? ಮೈಗೆ ಹುಷಾರಿಲ್ದಿದ್ರೆ ಯಾರಮ್ಮ ನೋಡೋರು?” ಅಂದರು. ಬರೆದದ್ದನ್ನು ತೆರೆದರೆ ನನ್ನ ನಾಯಕಿ ಅಳಿಲುಗಳ ಜೊತೆ ಹಣ್ಣು ಹಂಚಿಕೊಂಡು ತಿನ್ನುತ್ತಿದ್ದಳು. ಓದಿ ಮೈ ಉರಿಯಿತು. ಅಷ್ಟೂ ಹಾಳೆ ಹರಿದೆ.

ಈಗ ಹೊಸ ಹುಳ ಬಂದಿವೆ. ದಿನಾ ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತೇನೆ. ಊರವರ ಮುಂದೆ ರತ್ನಮ್ಮ ನನ್ನನ್ನು “ನಮ್ ಟೀಚರಮ್ಮ” ಅನ್ನುತ್ತಾರೆ. ಧಾರವಾಡದಿಂದ ತಂಗಿ ಫೋನ್ ಮಾಡಿ, “ಯಾವಾಗ ಬರ್ತೀ ಅಕ್ಕಾ?” ಅಂದರೆ ದಿನ ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಮೊನ್ನೆ ಸೊಪ್ಪಿನ ಹೊರೆ ಇಳಿಸಿ, ಕೈಕಾಲು ತೊಳೆದು, “ಒಳಗೆ ಬರ್ಲೇನ್ರೀ?” ಅಂದೆ.

ರತ್ನಮ್ಮ ಹೊರೆ ಎಳೆದುಕೊಂಡರು. “ಬೇಡಿ ಟೀಚರಮ್ಮ. ನಿಮ್ ಮೇಲೆ ಕೋಪ ಹೋಯ್ತು. ಭಯ ಹೋಗಿಲ್ಲ.”

ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಒಳಗಿನಿಂದ ಚಿಲಕ ಹಾಕಿಕೊಂಡರು.